ಜಿಐಎಸ್ ಕೋರ್ಸ್ ಸೇರಲಾ, ಬೇಡವಾ? - ಓದುಗರ ಸ್ಪಂದನ

ಜಿಐಎಸ್ ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಕಟ್ಟುವ ಕೆಲಸ. ಅದರ ಕಿರು ಸರ್ಟಿಫಿಕೇಟ್ ಕೋರ್ಸ್ ಒಂದಕ್ಕೆ ಕಾಲೇಜು ಸೇರಲಾ ಎಂದು ತುಮಕೂರಿನ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು. ಭೂಗೋಳದಲ್ಲಿ ಬಿಎ, ವಯಸ್ಸು 34. ಚೀಟಿ ದುಡ್ಡು ಕೈಲಿದೆ. 'ಈಗ ಇನ್ನೊಂದು ಕಾಗದ ಯಾಕೆ' ಅನ್ನುವುದು ಮನೆಯವರ ಮಾತು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ನಿಮ್ಮ ಚೀಟಿ, ನಿಮ್ಮ ದುಡ್ಡು. ಮನೆಯವರನ್ನು ಕೇಳುವುದೇನಿದೆ? ಸೇರುವುದಾದರೆ ಸೇರಿ. ಇಲ್ಲಾಂದ್ರೆ ಸುಮ್ನಿರಿ.
- ಓದುಗಿ, ದಾವಣಗೆರೆ

ಖಾರ ಸ್ವಲ್ಪ ಜಾಸ್ತಿಯಾಯಿತೇನೋ. ಕೋಲಾರದ ಈ ಪತ್ರ ಉದ್ದವಿದೆ. ಕತ್ತರಿ ಹಾಕಲು ಮನಸ್ಸಾಗಲಿಲ್ಲ.

ಅಕ್ಕಾ, ನಿಮ್ಮ ಪತ್ರ ನನ್ನ ಹಳೇ ಗಾಯ ಕೆದಕಿತು. ನಾನೊಂದು ಖಾಸಗಿ ಕಚೇರಿಯಲ್ಲಿ ಡಿಜಿಟೈಸಿಂಗ್ ಮಾಡುತ್ತಿದ್ದೆ. ಗ್ರಾಮನಕ್ಷೆ ಸ್ಕ್ಯಾನ್ ಮಾಡಿ, ಕೆರೆ, ರಸ್ತೆ, ಸರ್ವೆ ನಂಬರಿನ ಗಡಿಗಳ ಮೇಲೆ ಮೌಸಿನಲ್ಲಿ ಗೆರೆ ಎಳೆಯುವುದು. ಒಂದು ದಿನ ನೋಡಿದರೆ ಮುಳಬಾಗಿಲು ಕಡೆಯ ಕೆರೆಗಳೆಲ್ಲ ಅರಬ್ಬೀ ಸಮುದ್ರದಲ್ಲಿವೆ! ನಗಬೇಡಿ. ನಕ್ಷೆಗೆಂದು ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಹೋಳು ಮಾಡಿ ನಂಬರ್ ಕೊಟ್ಟಿರುತ್ತಾರೆ, ಅವೇ ಯುಟಿಎಂ ವಲಯಗಳು. ಒಂದೊಂದಕ್ಕೂ ಅಳತೆ ಬೇರೆ ಬೇರೆ ಕಡೆಯಿಂದ ಶುರು. ನಮ್ಮ ರಾಜ್ಯದ ಬಹುಪಾಲು 43ನೇ ವಲಯಕ್ಕೆ ಸೇರುತ್ತದೆ. ಪೂರ್ವಕ್ಕೆ 78 ಡಿಗ್ರಿ ರೇಖಾಂಶ ದಾಟಿದರೆ 44 ಶುರು. ಮುಳಬಾಗಿಲು ಅದರಾಚೆ. ಯಾರೋ ಫೈಲಿಗೆ 43 ಅಂತ ಕೊಟ್ಟುಬಿಟ್ಟಿದ್ದರು. ಕಂಡುಹಿಡಿದು ಸರಿಮಾಡಿದ್ದು ನಾನು. ಬಡ್ತಿ ಸಿಕ್ಕಿದ್ದು ನಾನೇ ಕೆಲಸ ಕಲಿಸಿದ ಹುಡುಗನಿಗೆ. ಕೇಳಿದ್ದಕ್ಕೆ, 'ನಿಮ್ಮ ಹತ್ರ ಸರ್ಟಿಫಿಕೇಟ್ ಇಲ್ವಲ್ಲಮ್ಮಾ' ಅಂದರು. ಆಮೇಲೆ ಸಂಜೆ ಕೋರ್ಸ್ ಮಾಡಿದೆ. ಹೇಳಿಕೊಟ್ಟದ್ದರಲ್ಲಿ ಅರ್ಧ ಮೊದಲೇ ಗೊತ್ತಿತ್ತು. ಉಪಗ್ರಹ ಚಿತ್ರದಲ್ಲಿ ಬೆಳೆ ಯಾವುದು, ಬೀಳು ಯಾವುದು ಅಂತ ಬೇರ್ಪಡಿಸುವುದು ಹೊಸದು. ಈಗ ಬೇರೆ ಕಡೆ ಚೆನ್ನಾಗಿದ್ದೇನೆ. ಆದರೂ ಆ ಮಾತು ನೆನಪಾದರೆ ಮೈ ಉರಿಯುತ್ತದೆ. ಕಾಗದ ಯಾಕೆ ಅನ್ನುವವರಿಗೆ ಇದನ್ನು ಓದಿ ಹೇಳಿ.
- ಹೆಸರು ಬೇಡ, ಕೋಲಾರ

ಕಾಗದಕ್ಕೆ ಬೆಲೆಯಿದೆ, ನಿಜ. ಆದರೆ ಈ ಪತ್ರದಲ್ಲಿ ಕೆರೆಗಳನ್ನು ಊರಿಗೆ ತಂದದ್ದು ಪಳಗಿದ ಕೈ, ಅಲ್ವಾ? ಧಾರವಾಡದ ವಿದ್ಯಾರ್ಥಿಯ ಸಲಹೆಯೂ ಅತ್ತ ಕಡೆಗೇ ಇದೆ.

ಫೀಸು ಕಟ್ಟುವ ಮೊದಲು ಕ್ಯೂಜಿಐಎಸ್ ಹಾಕಿಕೊಳ್ಳಿ ಮೇಡಂ. ಪುಕ್ಕಟೆ ಸಾಫ್ಟ್‌ವೇರ್. ನಿಮ್ಮೂರಿನ ಬಾವಿ, ಬೋರ್‌ವೆಲ್‌ಗಳನ್ನು ಮೊಬೈಲಿನ ಜಿಪಿಎಸ್‌ನಲ್ಲಿ ಗುರುತಿಸಿ ನಕ್ಷೆಗೆ ಹಾಕಿ ನೋಡಿ. ಬೇಜಾರಾಗದಿದ್ದರೆ ಸೇರಿ. ಡೆಹ್ರಾಡೂನಿನಲ್ಲಿ ಇಸ್ರೋದ ಐಐಆರ್‌ಎಸ್ ಇದೆ, ಉಪಗ್ರಹ ಚಿತ್ರ, ನಕ್ಷೆ ಕೆಲಸ ಕಲಿಸುವ ಸಂಸ್ಥೆ. ಅವರ ಪುಕ್ಕಟೆ ಆನ್‌ಲೈನ್ ಪಾಠಗಳೂ ಇರುತ್ತವೆ. ಕಾಲೇಜಿನವರನ್ನು ಒಂದು ಮಾತು ಕೇಳಿ. ಪ್ರಾಜೆಕ್ಟನ್ನು ನಮ್ಮೂರಿನ ಮೇಲೆ ಮಾಡಬಹುದಾ, ಇಲ್ಲಾ ಅವರು ಕೊಟ್ಟ ಒಂದೇ ಫೈಲನ್ನು ಎಲ್ಲರೂ ಮಾಡಬೇಕಾ? ಎಲ್ಲರದೂ ಒಂದೇ ಆದರೆ ಇಂಟರ್‌ವ್ಯೂನಲ್ಲಿ ತೋರಿಸಲು ನಿಮ್ಮದು ಅಂತ ಏನೂ ಇರುವುದಿಲ್ಲ.
- ಎಂಎಸ್ಸಿ ವಿದ್ಯಾರ್ಥಿ, ಧಾರವಾಡ

ಇನ್ನೊಂದು ಪತ್ರ. ಪ್ರಶ್ನೆಗೆ ಪ್ರಶ್ನೆ.

ಮೊಬೈಲಿನಲ್ಲಿ ಸರ್ವೆ ನಂಬರ್ ನೋಡಿದರೆ ನಮ್ಮ ತೋಟದ ಬಾವಿ ಪಕ್ಕದವರ ಪಾಲಾಗಿದೆ. ಈ ಕೋರ್ಸ್ ಮಾಡಿದ ಹೆಣ್ಣುಮಗಳು ಬಂದು ಹದ್ದುಬಸ್ತು ಮಾಡಿಕೊಡ್ತಾಳಾ?
- ನಿವೃತ್ತ ಮೇಷ್ಟ್ರು, ಹಾಸನ

ಇಲ್ಲ ಮೇಷ್ಟ್ರೇ. ಅದಕ್ಕೆ ಸರ್ವೆ ಇಲಾಖೆಗೇ ಅರ್ಜಿ ಹಾಕಬೇಕು. ತುಮಕೂರಿನವರು ಬಾವಿಗಳ ನಕ್ಷೆ ಮಾಡಿದರೆ ನಮಗೂ ಒಂದು ಪ್ರತಿ ಕಳಿಸಲಿ. - ಸಂ.