ಸಹಾಯ ಬೇಕು: ಸಾಗಣೆ ವಿಮಾನದ ಪೈಲಟ್ ತರಬೇತಿ

ಎಲ್ಲರಿಗೂ ನಮಸ್ಕಾರ. ಯಲಹಂಕದಲ್ಲಿ ವಾಯುಪಡೆಯ ತರಬೇತಿ ಮುಗಿಸಿ ಉಡುಪಿಗೆ ರಜೆಯಲ್ಲಿ ಬಂದಿರುವ ನನ್ನ ತಂಗಿಯ ಮಗನಿಗೆ ಮುಂದೆ ಸಿ-295 ಸಾಗಣೆ ವಿಮಾನದ ತರಗತಿ ಪಾಠ, ಆಮೇಲೆ ಆಗ್ರಾದ ಸಿಮ್ಯುಲೇಟರ್ (ನೆಲದಲ್ಲೇ ಹಾರಾಟದ ಅಭ್ಯಾಸ ಮಾಡಿಸುವ ಯಂತ್ರ). ಚಾವಡಿಯ ಗೋಡೆಗೆ ಕಾಕ್‌ಪಿಟ್ಟಿನ ಚಿತ್ರ ಅಂಟಿಸಿಕೊಂಡು, ಕಣ್ಣು ಮುಚ್ಚಿಯೇ ಒಂದೊಂದು ಸ್ವಿಚ್ಚನ್ನೂ ಮುಟ್ಟಿ ಹೆಸರು ಹೇಳುತ್ತಾನೆ (ಅಜ್ಜಿಗೂ ಅರ್ಧ ಬಾಯಿಪಾಠವಾಗಿದೆ). ತಡವರಿಸುವುದು ಒಂದೇ ಕಡೆ: ಮೇಲೇರುವಾಗ ಎರಡು ಎಂಜಿನ್‌ಗಳಲ್ಲಿ ಒಂದು ನಿಂತರೆ ಮೂತಿ ಆ ಬದಿಗೇ ಎಳೆಯುವುದರಿಂದ, ಇನ್ನೊಂದು ಬದಿಯ ರಡ್ಡರ್ ಪೆಡಲ್ ಒತ್ತಿ ವಿಮಾನವನ್ನು ನೇರವಾಗಿ ಹಿಡಿದು, ಕೆಟ್ಟದ್ದು ಯಾವುದೆಂದು ಇಬ್ಬರೂ ಪೈಲಟ್‌ಗಳು ಖಚಿತಪಡಿಸಿಕೊಂಡ ಮೇಲೆಯೇ ಅದರ ಪ್ರೊಪೆಲರ್ ಅಲಗುಗಳನ್ನು ಗಾಳಿಗೆ ಅಡ್ಡವಾಗದಂತೆ ತಿರುಗಿಸಬೇಕಾದ ಆ ಕೆಲವು ಕ್ಷಣಗಳಲ್ಲಿ. ಮಂಗಳೂರು, ಉಡುಪಿಯ ಆಸುಪಾಸಿನಲ್ಲಿ ನಿವೃತ್ತ ಸಾಗಣೆ ವಿಮಾನ ಪೈಲಟ್ ಯಾರಾದರೂ ಇದ್ದರೆ, ಒಂದು ಸಂಜೆ ಅವನೊಡನೆ ಕೂತು ಈ ಅಭ್ಯಾಸದ ಕ್ರಮವನ್ನು ತಿಳಿಸಿಕೊಡಬಹುದೇ? ಗೋಪ್ಯ ವಿಷಯ ಯಾವುದೂ ಬೇಡ. ತಾವು ಹೇಳಿದಲ್ಲಿಗೆ ನಾನೇ ಅವನನ್ನು ಕರೆತರುತ್ತೇನೆ.