ಅಡ್ಡರಸ್ತೆ ನಿವಾಸಿಗಳ ಗುಂಪು, ತುಮಕೂರು: 9ನೇ ಮನೆ ಗೋಡೆ ವಿಚಾರ

9 ಮೇಲಿನ ಮನೆ, ರಾತ್ರಿ 11:48
ಕೆಳಗೆ ಇನ್ನೂ ಬ್ರೇಕರ್ ಮಷೀನ್ ಓಡುತ್ತಿದೆ. ಮಲಗಿದ್ದ ಮಗು ಎದ್ದು ಅಳುತ್ತಿದೆ. ಇಷ್ಟು ದಿನ ಸುಮ್ನೆ ಇದ್ದೆ, ಇನ್ನು ಆಗಲ್ಲ. ಹಾಲ್‌ಗೂ ರೂಮಿಗೂ ನಡುವೆ ಇರುವ ಗೋಡೆ ಪೂರ್ತಿ ತೆಗೆಯುತ್ತಾರಂತೆ. ಅದರ ಮೇಲೆ ಸರಿಯಾಗಿ ನಮ್ಮ ಗೋಡೆ ನಿಂತಿದೆ! ನಮ್ಮ ರೂಮಿನ ಬಾಗಿಲ ಮೂಲೆಯಿಂದ ಓರೆಯಾಗಿ ಬಿರುಕು ಬಂದಿದೆ. ಸಂಜೆ ತನಕ ಸಲೀಸಾಗಿ ಬೀಳುತ್ತಿದ್ದ ಚಿಲಕ ಈಗ ತೂತಿಗೆ ಕೂರುತ್ತಿಲ್ಲ, ಕಾಲಿಂಚು ಆಚೀಚೆ ಆಗಿದೆ. ಭಾರ ಹೊರುವ ಗೋಡೆನಾ ಅಂತ ಯಾರಿಗಾದರೂ ತೋರಿಸಿದ್ರಾ ಅಂತ ಕೇಳಿದರೆ ಮೇಸ್ತ್ರಿ ನಕ್ಕ.

ಗೌಡ್ರು 17, ರಾತ್ರಿ 11:53
ನಾನು ಆವತ್ತೇ ಹೇಳಿದ್ದೆ. ಗೊತ್ತಿಲ್ಲದವರಿಗೆ ಕೆಳಗಿನ ಮನೆ ಮಾರಬೇಡಿ ಅಂತ. ಯಾರು ಕೇಳಿದ್ರು?

ಅಕ್ಕ 4, ರಾತ್ರಿ 11:55
ಗೌಡ್ರೇ, ಈಗ ಅದೆಲ್ಲ ಬೇಡ. ತಂಗಿ, ಮಗು ಕರ್ಕೊಂಡು ನಮ್ಮನೆಗೆ ಬಾ. ಗೇಟ್ ತೆಗೆದಿದ್ದೇನೆ.

9 ಕೆಳಗಿನ ಮನೆ, ರಾತ್ರಿ 12:06
ಕೆಲಸ ನಿಲ್ಲಿಸಿದ್ದೇನೆ. ಹಗಲು ಕರೆಂಟ್ ಇರಲಿಲ್ಲ, ಅದಕ್ಕೆ ರಾತ್ರಿ ಆಯಿತು. ಅದು ಒಳಗಿನ ಗೋಡೆ, ಹೊರಗೋಡೆ ಅಲ್ಲ. ಬಾಗಿಲ ಪಕ್ಕ ಐದಡಿ ಅಷ್ಟೇ ತೆಗೆದಿರುವುದು. ನನ್ನ ಮನೆ ರಿಪೇರಿಗೂ ಗುಂಪಲ್ಲಿ ಪಂಚಾಯಿತಿ ಬೇಕಾ?

ಗೌಡ್ರು 17, ರಾತ್ರಿ 12:09
ನಿಮ್ಮ ಸೂರು ಅವರ ನೆಲ ಸ್ವಾಮಿ. ಅಷ್ಟು ತಿಳ್ಕೊಳ್ಳಿ.

8ನೇ ಮನೆ ಹುಡುಗ, ರಾತ್ರಿ 12:11
ಇನ್ನು ಸ್ವಲ್ಪ ಕೆಡವಿದ್ರೆ ಮೇಲಿನವರು ಮೆಟ್ಟಿಲು ಇಳಿಯೋ ಕಷ್ಟನೇ ಇರಲ್ಲ 😂

ಅಕ್ಕ 4, ರಾತ್ರಿ 12:12
ಇದು ತಮಾಷೆ ಮಾಡೋ ಹೊತ್ತಾ?

ಶೆಟ್ರು ಅಂಗಡಿ, ಬೆಳಗ್ಗೆ 5:40
🌺 ಶುಭೋದಯ. ತಾಳಿದವನು ಬಾಳಿಯಾನು 🌺

ಗೌಡ್ರು 17, ಬೆಳಗ್ಗೆ 6:15
ಎಲ್ಲರೂ ಓದಿ. ಗೋಡೆ ದಪ್ಪ ಅಳೆದರೆ ಮುಗೀತು. 9 ಇಂಚು ಇದ್ದರೆ ಭಾರದ ಗೋಡೆ, ನಾಲ್ಕೂವರೆ ಇಂಚು ಇದ್ದರೆ ಬರೀ ಅಡ್ಡಗೋಡೆ. ನಮ್ಮನೆಲಿ ನಾಲ್ಕೂವರೆದು ತೆಗೆಸಿ ಎಷ್ಟೋ ವರ್ಷ ಆಯಿತು, ಏನೂ ಆಗಿಲ್ಲ. ಇದಕ್ಕೆ ಇಂಜಿನಿಯರ್ ಗಿಂಜಿನಿಯರ್ ಬೇಡ.

ಮೇಷ್ಟ್ರು 12, ಬೆಳಗ್ಗೆ 6:22
ಬಂದಿದ್ದನ್ನು ಕಳಿಸುತ್ತಿದ್ದೇನೆ: "ಗೋಡೆಯನ್ನು ಬೆರಳಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಧೈರ್ಯವಾಗಿ ಒಡೆಯಬಹುದು. ಹತ್ತು ಜನರಿಗೆ ಹಂಚಿ."

ರಾಯರು 5, ಬೆಳಗ್ಗೆ 7:30
ಮೇಷ್ಟ್ರೇ, ದಯವಿಟ್ಟು ಅದನ್ನು ಅಳಿಸಿ. ಗಾರೆ ಬಿಟ್ಟುಕೊಂಡಿದ್ದರೆ ಭಾರ ಹೊರುವ ಗೋಡೆಯೂ ಟೊಳ್ಳು ಸದ್ದೇ ಮಾಡುತ್ತದೆ.

ಈಗ 9ನೇ ಮನೆಗೆ ಹೋಗಿ ಕೆಳಗೆ, ಮೇಲೆ ಎರಡೂ ಕಡೆ ನೋಡಿ ಬಂದೆ. ನಮ್ಮ ಸಾಲಿನ ಮನೆಗಳಿಗೆ ಕಂಬವೂ ಇಲ್ಲ, ಬೀಮೂ ಇಲ್ಲ. ಸೈಜುಗಲ್ಲಿನ ಪಾಯ, ಇಟ್ಟಿಗೆ ಗೋಡೆ, ಗೋಡೆ ಮೇಲೆ ನೇರವಾಗಿ ಮೋಲ್ಡ್, ಅಂದರೆ ಕಂಬಿ ಹಾಕಿದ ಕಾಂಕ್ರೀಟ್ ಸೂರು. ಇಂಥ ಮನೆಯಲ್ಲಿ ಒಳಗಿನ ಗೋಡೆಯೂ ಭಾರ ಹೊರುತ್ತದೆ ಅಂತಲೇ ಹಿಡಿಯಬೇಕು. ಹೊರುತ್ತಿಲ್ಲ ಅಂತ ಯಾರಾದರೂ ಲೆಕ್ಕ ಹಾಕಿ ತೋರಿಸುವ ತನಕ ಕೈ ಹಚ್ಚಬಾರದು. ಇಲ್ಲಿ ಸಾಕ್ಷಿ ಕಣ್ಣೆದುರೇ ಇದೆ. ಗೋಡೆ 9 ಇಂಚು. ಮೇಲಿನ ಮನೆಯ ಗೋಡೆ ಅದೇ ಗೆರೆಯಲ್ಲಿ ನಿಂತಿದೆ.

ಗೋಡೆಯ ಆಚೆ 10 ಅಡಿ ಅಗಲ, ಈಚೆ 10 ಅಡಿ ಅಗಲ. ಉದ್ದ 14 ಅಡಿ. ಮೋಲ್ಡಿನ ಮುಖ್ಯ ಕಂಬಿ ಚಿಕ್ಕ ಅಳತೆಯ ಕಡೆಗೆ, ಅಂದರೆ 10 ಅಡಿ ಕಡೆಗೆ ಹಾಕುವುದು ವಾಡಿಕೆ. ಗೋಡೆ ಹೋದರೆ ಅದೇ ಕಂಬಿ 20 ಅಡಿ ದಾಟಬೇಕು. ಆಸರೆಗಳ ನಡುವಿನ ದೂರ ಇಮ್ಮಡಿ ಆದರೆ ಮೋಲ್ಡನ್ನು ಬಗ್ಗಿಸುವ ಬಲ 4 ಪಟ್ಟು ಆಗುತ್ತದೆ, ಜೋಲು ಬೀಳುವುದು ಹೆಚ್ಚುಕಡಿಮೆ 16 ಪಟ್ಟು. ಇನ್ನೊಂದು ದಿಕ್ಕಿಗೆ ಹಾಕಿರುವ ಕಂಬಿ ಸಣ್ಣದು, ಅದನ್ನು ನಂಬುವ ಹಾಗಿಲ್ಲ. ಇನ್ನೂ ಒಂದಿದೆ. ಮೋಲ್ಡ್ ಗೋಡೆ ದಾಟುವ ಜಾಗದಲ್ಲಿ ಕಂಬಿಯನ್ನು ಮೇಲಕ್ಕೆ ಬಗ್ಗಿಸಿರುತ್ತಾರೆ, ಯಾಕೆಂದರೆ ಅಲ್ಲಿ ಎಳೆತ ಮೇಲ್ಗಡೆ ಇರುತ್ತದೆ. ಗೋಡೆ ತೆಗೆದ ಕೂಡಲೇ ಎಳೆತ ಕೆಳಗಡೆಗೆ ಬರುತ್ತದೆ. ಅಲ್ಲಿ ಕಂಬಿ ಕಮ್ಮಿ. ಇದೆಲ್ಲದರ ಮೇಲೆ ಮೇಲಿನ ಮನೆಯ ಗೋಡೆ ಭಾರ ಬೇರೆ.

ಗೌಡ್ರೇ, ದಪ್ಪ ಒಂದೇ ನೋಡಿದರೆ ಸಾಲದು. ಕಂಬದ ಮನೆಯಲ್ಲಿ 9 ಇಂಚಿನ ಗೋಡೆ ಬರೀ ಜಾಗ ತುಂಬಲು ಕಟ್ಟಿದ್ದಿರಬಹುದು. ನಾಲ್ಕೂವರೆ ಇಂಚಿನದರ ಮೇಲೆ ಸಜ್ಜೆಯೋ ಮೆಟ್ಟಿಲೋ ಕೂತಿರಬಹುದು.

ಗೌಡ್ರು 17, ಬೆಳಗ್ಗೆ 7:41
ನಾನೂ ಅದನ್ನೇ ಹೇಳಿದ್ದು. ಪ್ರಶ್ನೆ ಅದಲ್ಲ. ಈ ಕೆಲಸಕ್ಕೆ ಒಪ್ಪಿಗೆ ಕೊಟ್ಟವರು ಯಾರು? ಸಂಘ ತಾನೆ? ಕಾರ್ಯದರ್ಶಿಗಳು ಉತ್ತರ ಕೊಡಲಿ.

ಕಾರ್ಯದರ್ಶಿ 2, ಬೆಳಗ್ಗೆ 7:50
ಸುಣ್ಣ ಬಣ್ಣ, ಟೈಲ್ಸ್ ಅಂತ ಬರೆದುಕೊಟ್ಟಿದ್ದರು. ಗೋಡೆ ಅಂತ ಎಲ್ಲೂ ಇಲ್ಲ. ಪತ್ರ ನನ್ನ ಹತ್ತಿರ ಇದೆ.

ಗೌಡ್ರು 17, ಬೆಳಗ್ಗೆ 7:52
ಪತ್ರ ಇಟ್ಕೊಂಡು ಏನು ಮಾಡೋದು? ಹೋಗಿ ನೋಡಬೇಕು ತಾನೆ? ಬೋರ್‌ವೆಲ್ ಮೋಟಾರಿನಲ್ಲೂ ಹೀಗೇ ಆಯಿತು. ಆ ಲೆಕ್ಕ ಇನ್ನೂ ಬಂದಿಲ್ಲ.

ಕಾರ್ಯದರ್ಶಿ 2, ಬೆಳಗ್ಗೆ 7:55
ಲೆಕ್ಕ ಸಭೆಯಲ್ಲಿ ಓದಿದ್ದೇನೆ. ನೀವು ಬಂದಿರಲಿಲ್ಲ.

ಗೌಡ್ರು 17, ಬೆಳಗ್ಗೆ 7:56
ಕರೆದಿದ್ದರೆ ಬರುತ್ತಿದ್ದೆ.

9 ಮೇಲಿನ ಮನೆ, ಬೆಳಗ್ಗೆ 8:04
ಮೋಟಾರ್ ಆಮೇಲೆ ನೋಡೋಣ ಅಲ್ವಾ? ರಾಯರೇ, ಈಗ ಏನು ಮಾಡಬೇಕು ಹೇಳಿ. ಆ ರೂಮಿನಲ್ಲಿ ಕಾಲಿಡಲು ಭಯ ಆಗುತ್ತಿದೆ.

ರಾಯರು 5, ಬೆಳಗ್ಗೆ 8:15
ಕಾಲಿಡಬೇಡಿ ಅಮ್ಮ. ಬೀರು, ಅಕ್ಕಿ ಮೂಟೆ ಏನಿದ್ದರೂ ಆ ಗೋಡೆ ಹತ್ತಿರ ಇಡಬೇಡಿ. ಕೆಳಗಿನ ಮನೆಯವರೂ ಆ ಎರಡು ರೂಮು ಖಾಲಿ ಮಾಡಲಿ.

ಕೆಳಗೆ ಇವತ್ತೇ ಆಸರೆ ಕೊಡಬೇಕು. ಒಡೆದ ಐದಡಿಯ ಎರಡೂ ಬದಿಗೆ ಸೆಂಟ್ರಿಂಗ್ ಜಾಕಿ ನಿಲ್ಲಿಸಿ, ಜಾಕಿಯ ಕೆಳಗೂ ಮೇಲೂ ದಪ್ಪ ಹಲಗೆ ಕೊಡಬೇಕು. ಬರೀ ಟೈಲ್ಸ್ ಮೇಲೆ ಜಾಕಿ ಇಟ್ಟರೆ ಟೈಲ್ಸ್ ಒಡೆದು ಜಾಕಿ ಕೂತುಬಿಡುತ್ತದೆ. ಜಾಕಿಯನ್ನು ಮೋಲ್ಡಿಗೆ ತಾಗುವ ತನಕ ಬಿಗಿ ಮಾಡಿದರೆ ಸಾಕು. ಮೇಲಕ್ಕೆ ಎತ್ತಲು ಹೋದರೆ ಮೋಲ್ಡೇ ಬಿರುಕು ಬಿಡುತ್ತದೆ. ಈ ಕೆಲಸ ಗೊತ್ತಿರುವ ಸೆಂಟ್ರಿಂಗ್‌ನವರೇ ಮಾಡಲಿ, ನಾನು ನಿಂತು ನೋಡುತ್ತೇನೆ. ನೀವು ಬಿರುಕಿನ ಮೇಲೆ ಅಡ್ಡಲಾಗಿ ತೆಳ್ಳಗೆ ಪಿಒಪಿ ಪಟ್ಟಿ ಹಾಕಿ, ತಾರೀಖು ಬರೆಯಿರಿ. ಪಟ್ಟಿ ಬಿರುಕು ಬಿಟ್ಟರೆ ಗೋಡೆ ಇನ್ನೂ ಕದಲುತ್ತಿದೆ ಅಂತ. ಆಗ ಮನೆಯಲ್ಲಿ ನಿಲ್ಲಬೇಡಿ.

ಮುಂದಿನ ಮಾತು ನಾನು ಹೇಳುವುದಲ್ಲ. ನನ್ನ ಕೆಲಸ ರಸ್ತೆ, ಸೇತುವೆ ಕಡೆ ಇತ್ತು. ಸ್ಟ್ರಕ್ಚರಲ್ ಇಂಜಿನಿಯರ್ ಬಂದು ಕಂಬಿ ಎಲ್ಲಿದೆ ಅಂತ ನೋಡಿ, ಗೋಡೆ ಮತ್ತೆ ಕಟ್ಟುವುದೋ ಕಬ್ಬಿಣದ ಐ ಬೀಮ್ ಕೊಡುವುದೋ ಬರೆದುಕೊಡಬೇಕು.

ಮೇಷ್ಟ್ರು 12, ಬೆಳಗ್ಗೆ 8:22
ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜು, ಎಸ್‌ಐಟಿ, 1963ರಿಂದ ನಮ್ಮೂರಲ್ಲೇ ಇದೆ. ಸಿವಿಲ್ ವಿಭಾಗದಲ್ಲಿ ವಿಚಾರಿಸೋಣವಾ?

ರಾಯರು 5, ಬೆಳಗ್ಗೆ 8:24
ಒಳ್ಳೆ ಮಾತು ಮೇಷ್ಟ್ರೇ. ಸೋಮವಾರ ಯಾರಾದರೂ ಒಬ್ಬರು ನನ್ನ ಜೊತೆ ಬನ್ನಿ.

ಶೆಟ್ರು ಅಂಗಡಿ, ಬೆಳಗ್ಗೆ 8:30
ರಾಯರೇ, ಅಂಗಡಿ ಹಿಂದೆ ನಮ್ಮದು ಹಳೇ ಕಲ್ಲು ಚಪ್ಪಡಿ ಮನೆ. ಅಲ್ಲೂ ಒಂದು ಗೋಡೆ ತೆಗೆಯಬೇಕು ಅಂತಿದ್ದೆ.

ರಾಯರು 5, ಬೆಳಗ್ಗೆ 8:33
ಅದು ಇನ್ನೂ ಅಪಾಯ. ಕಲ್ಲಿನೊಳಗೆ ಕಂಬಿ ಇಲ್ಲ, ಬಾಗದೆ ಒಮ್ಮೆಲೇ ತುಂಡಾಗುತ್ತದೆ. ಒಳಗಿನಿಂದ ತಲೆ ಎತ್ತಿ ಸಂದು ನೋಡಿ. ಚಪ್ಪಡಿಗಳ ತುದಿ ಯಾವ ಗೋಡೆ ಮೇಲೆ ಕೂತಿದೆಯೋ ಆ ಗೋಡೆಯನ್ನು ಮುಟ್ಟಲೇಬೇಡಿ.

9 ಕೆಳಗಿನ ಮನೆ, ಬೆಳಗ್ಗೆ 8:40
ಜಾಕಿ ಹಾಕಿಸುತ್ತೇನೆ, ಬಟವಾಡಿ ಕಡೆಯವರಿಗೆ ಫೋನ್ ಮಾಡಿದ್ದೇನೆ. ಆದರೆ ಇಂಜಿನಿಯರ್ ಖರ್ಚು ನಾನೊಬ್ಬನೇ ಯಾಕೆ ಕೊಡಬೇಕು? ಮೇಲಿನ ಮನೆಗೂ ಉಪಯೋಗ ತಾನೆ?

9 ಮೇಲಿನ ಮನೆ, ಬೆಳಗ್ಗೆ 8:41
ಒಡೆದವರು ನೀವು!

ಗೌಡ್ರು 17, ಬೆಳಗ್ಗೆ 8:44
ಖರ್ಚು ಇರಲಿ. ಒಡೆದ ಇಟ್ಟಿಗೆ, ಗಾರೆ ಎಲ್ಲ ಚರಂಡಿ ಮೇಲೆ ಸುರಿದಿದ್ದೀರಲ್ಲ, ಅದನ್ನು ಎತ್ತುವವರು ಯಾರು? ರಾತ್ರಿ ಮಳೆಗೆ ನೀರು ನಮ್ಮ ಗೇಟಿನ ತನಕ ಬಂದಿದೆ. ಫೋಟೋ ಹಾಕಿದ್ದೇನೆ ನೋಡಿ.

ಅಕ್ಕ 4, ಬೆಳಗ್ಗೆ 8:47
ಹೌದು, ನಮ್ಮ ಸಂಪಿನ ಮುಚ್ಚಳದ ತನಕ ಬಂದಿದೆ. ಇನ್ನೊಂದು ಮಳೆ ಬಂದರೆ ಕುಡಿಯೋ ನೀರಿಗೇ ಸೇರುತ್ತೆ.

8ನೇ ಮನೆ ಹುಡುಗ, ಬೆಳಗ್ಗೆ 8:49
ಬೈಕ್ ತೆಗೆಯೋಕೂ ಜಾಗ ಇಲ್ಲ. ನನ್ನ ಫ್ರೆಂಡ್ ಹತ್ತಿರ ಟ್ರ್ಯಾಕ್ಟರ್ ಇದೆ, ಕೇಳಲಾ?

ಕಾರ್ಯದರ್ಶಿ 2, ಬೆಳಗ್ಗೆ 8:52
ಕೇಳಪ್ಪ. ಸದ್ಯಕ್ಕೆ ಸಂಘದಿಂದ ಕೊಡೋಣ.

ಗೌಡ್ರು 17, ಬೆಳಗ್ಗೆ 8:53
ಸಂಘದಿಂದ ಯಾಕೆ? 9ನೇ ಮನೆಯವರೇ ಕೊಡಲಿ. ಮೊದಲು ರೇಟ್ ಹೇಳು ಹುಡುಗ, ಒಂದೇ ಲೋಡ್‌ಗೆ ಆಗುತ್ತಾ?

9 ಮೇಲಿನ ಮನೆ, ಬೆಳಗ್ಗೆ 9:10
ಸೋಮವಾರ ರಾಯರ ಜೊತೆ ಎಸ್‌ಐಟಿಗೆ ಯಾರು ಹೋಗುತ್ತೀರಿ? ಒಬ್ಬರಾದರೂ ಹೇಳಿ. ನನಗೆ ಡ್ಯೂಟಿ ಇದೆ, ಹೇಗೋ ಅರ್ಧ ದಿನ ರಜೆ ಕೇಳುತ್ತೇನೆ.

ಮೇಷ್ಟ್ರು 12, ಬೆಳಗ್ಗೆ 9:14
ನೋಡೋಣ ಅಮ್ಮ. ಸೋಮವಾರ ನನಗೆ ಆಸ್ಪತ್ರೆ ತಾರೀಖು ಇದೆ.

8ನೇ ಮನೆ ಹುಡುಗ, ಬೆಳಗ್ಗೆ 9:20
ಟ್ರ್ಯಾಕ್ಟರ್ ಸಿಕ್ತು. ಎರಡು ಲೋಡ್ ಆಗುತ್ತಂತೆ. ತುಂಬೋಕೆ ಜನ ನಾವೇ ಕೊಡಬೇಕು.

ಕಾರ್ಯದರ್ಶಿ 2, ಬೆಳಗ್ಗೆ 9:26
ನಾಳೆ ಬೆಳಗ್ಗೆ 7ಕ್ಕೆ ಟ್ರ್ಯಾಕ್ಟರ್ ಬರುತ್ತದೆ. 6ರಿಂದ 11ನೇ ಮನೆ ತನಕ ಎಲ್ಲರೂ ರಾತ್ರಿಯೇ ಗಾಡಿ ತೆಗೆದಿಡಿ. ಸಲಿಕೆ, ಬಾಣಲಿ ಇರುವವರು ಹೆಸರು ಹಾಕಿ.