ಸೈನಿಕರ ನೆನಪಿಗೆ ಉದ್ಯಾನ ಮಾಡುತ್ತಿದ್ದೇವೆ, ಮೊದಲು ಏನೇನು ಯೋಚಿಸಬೇಕು?

ತಿಳಿಹಸಿರು ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಒಂದು ಖಾಲಿ ಜಾಗ ಇದೆ. ನಮ್ಮವರೇ ಆದ ಸೈನಿಕರ ನೆನಪಿಗೆ ಅಲ್ಲೊಂದು ಉದ್ಯಾನ ಮಾಡೋಣ ಅಂತ ಹನ್ನೆರಡು ಜನ ಸೇರಿದ್ದೇವೆ. ಹೆಸರಿನ ಗೋಡೆ, ಒಬ್ಬೊಬ್ಬರ ಹೆಸರಲ್ಲೂ ಒಂದೊಂದು ಗಿಡ, ಬಾವುಟದ ಕಂಬ, ಕೂರಲು ಬೆಂಚು. ಸದ್ಯಕ್ಕೆ ಇಷ್ಟೇ ಯೋಚನೆ. ಈವರೆಗೆ 41 ಹೆಸರು ಸಿಕ್ಕಿವೆ. ಅದರಲ್ಲಿ 9 ಜನ ಯುದ್ಧಕ್ಕೆ ಹೋದವರು ವಾಪಸ್ ಬರಲಿಲ್ಲ. ಉಳಿದವರು ಸೇವೆ ಮುಗಿಸಿ ಬಂದವರು, ಎಷ್ಟೋ ಜನ ಇವತ್ತಿಗೂ ನಮ್ಮ ಜೊತೆ ಇದ್ದಾರೆ.

ಉತ್ಸಾಹಕ್ಕೆ ಕೊರತೆ ಇಲ್ಲ. ನನಗೆ ಭಯ ಇರುವುದು ಆಮೇಲಿನ ವರ್ಷಗಳದ್ದು. ಯಾವ ಕಲ್ಲು ಒಳ್ಳೆಯದು, ಹೆಸರು ಯಾವ ಕ್ರಮದಲ್ಲಿ ಬರಬೇಕು, ಹತ್ತು ವರ್ಷ ಆದ ಮೇಲೂ ಜಾಗ ಹಾಳಾಗದ ಹಾಗೆ ಹೇಗೆ ನೋಡಿಕೊಳ್ಳುವುದು? ಇಂಥ ಕೆಲಸ ಕೈಯಾರೆ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಯೋಧನ ಮಗಳು ಬರೆದ ಉತ್ತರ

ನಾನು ಹನ್ನೊಂದು ವರ್ಷದಿಂದ ಇಂಥದ್ದೇ ಒಂದು ಉದ್ಯಾನ ನೋಡಿಕೊಳ್ಳುತ್ತಿದ್ದೇನೆ. ಅಪ್ಪನ ಹೆಸರು ಅಲ್ಲಿನ ಗೋಡೆಯ ಎರಡನೇ ಸಾಲಿನಲ್ಲಿದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಹೆಸರಿನ ವಿಷಯ. ಉದ್ಘಾಟನೆಯ ದಿನ ಜನ ಎಲ್ಲಾ ಹೋದ ಮೇಲೆ ಒಬ್ಬ ತಾಯಿ ಗೋಡೆಯ ಹತ್ತಿರ ನಿಂತಿದ್ದರು. ಮಗನ ಹೆಸರಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಸವರುತ್ತಾ ಬಂದರು. ಮೂರನೇ ಅಕ್ಷರಕ್ಕೆ ಬಂದಾಗ ಬೆರಳು ನಿಂತುಹೋಯಿತು. ಮತ್ತೆ ಮೊದಲಿಂದ ಸವರಿದರು. ಮತ್ತೆ ಅಲ್ಲೇ ನಿಂತಿತು. ‘ಇದು ಹೊಟ್ಟೆ ಸೀಳಿದ ಧ ಆಗಬೇಕಿತ್ತು ಅಲ್ವಾ’ ಅಂದರು. ಅಷ್ಟೇ ಅಂದಿದ್ದು. ನಾವು ದ ಕೆತ್ತಿಸಿದ್ದೆವು. ಪಟ್ಟಿ ಟೈಪ್ ಮಾಡಿದ್ದು ನಾನೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬಿಟ್ಟುಹೋಗಿದ್ದು ಒಂದು ಸಣ್ಣ ಗೀಟು. ಕೆತ್ತುವವರು ಮರುವಾರ ಬಂದು ಸೇರಿಸಿಕೊಟ್ಟರು. ಜಾಸ್ತಿ ಗೀಟು ಬಿದ್ದಿದ್ದರೆ ಕಲ್ಲನ್ನೇ ಬದಲಾಯಿಸಬೇಕಿತ್ತು. ಕಲ್ಲಿಗೆ ಗೆರೆ ಸೇರಿಸಬಹುದು, ಬಿದ್ದ ಗೆರೆ ತೆಗೆಯಲು ಬರುವುದಿಲ್ಲ. ಅವತ್ತಿಂದ ನಮ್ಮದು ಒಂದೇ ಪದ್ಧತಿ. ಗೋಡೆಯ ಮೇಲೆ ಎಷ್ಟು ದೊಡ್ಡದಾಗಿ ಬರುತ್ತದೋ ಅಷ್ಟೇ ದೊಡ್ಡದಾಗಿ ಹೆಸರನ್ನು ಕಾಗದದ ಮೇಲೆ ಅಚ್ಚು ಹಾಕಿಸುತ್ತೇವೆ. ಅದನ್ನು ಮನೆಗೆ ತೆಗೆದುಕೊಂಡು ಹೋಗುತ್ತೇವೆ. ಮನೆಯವರು ಓದಿ, ಸಹಿ ಹಾಕಿದ ಮೇಲೇ ಅದು ಕಲ್ಲಿಗೆ ಹೋಗುವುದು. ಫೋನಿನಲ್ಲಿ ಕೇಳಿ ಬರೆದುಕೊಳ್ಳಬೇಡಿ. ಸೇವಾ ದಾಖಲೆಯಲ್ಲಿ ಇಂಗ್ಲಿಷಿನಲ್ಲಿ ಇರುವ ಹೆಸರನ್ನು ಕನ್ನಡಕ್ಕೆ ಇಳಿಸಿಬಿಡಬೇಡಿ. ಇಂಗ್ಲಿಷ್ ಅಕ್ಷರ ನೋಡಿದರೆ ದ ಯಾವುದು, ಡ ಯಾವುದು, ಹ್ರಸ್ವ ಯಾವುದು, ದೀರ್ಘ ಯಾವುದು, ಒಂದೂ ಗೊತ್ತಾಗುವುದಿಲ್ಲ. ದಾಖಲೆ ಬೇಕು, ಅದು ಸೇವೆ ಮಾಡಿದ್ದು ನಿಜವೇ ಅಂತ ನೋಡಲು. ಹೆಸರು ಬರೆಯುವುದು ಹೇಗೆ ಅನ್ನುವುದನ್ನು ಮನೆಯವರೇ ಹೇಳಬೇಕು.

ಕ್ರಮದ ಬಗ್ಗೆ. ಶ್ರೇಣಿಯ ಪ್ರಕಾರ ದಯವಿಟ್ಟು ಹಾಕಬೇಡಿ. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗಲೇ, 1917ರಲ್ಲಿ, ಬ್ರಿಟನ್ನಿನಲ್ಲಿ ಫೇಬಿಯನ್ ವೇರ್ ಅನ್ನುವವರ ಪ್ರಯತ್ನದಿಂದ ಯುದ್ಧ ಸಮಾಧಿಗಳ ಆಯೋಗ ಶುರುವಾಯಿತು. ಶ್ರೇಣಿ, ಜನಾಂಗ, ಧರ್ಮ ನೋಡದೆ ಸತ್ತ ಪ್ರತಿಯೊಬ್ಬರ ಹೆಸರನ್ನೂ ಉಳಿಸಬೇಕು, ಎಲ್ಲರನ್ನೂ ಒಂದೇ ರೀತಿ ನೋಡಬೇಕು ಅನ್ನುವುದು ಅವರ ನಿಯಮ. ಆದರೆ ಆಫ್ರಿಕಾ, ಏಷ್ಯಾದ ಎಷ್ಟೋ ಸಾವಿರ ಸೈನಿಕರ ವಿಷಯದಲ್ಲಿ ಅದನ್ನು ಪಾಲಿಸಲೇ ಇಲ್ಲ. ಆಯೋಗ ಅದನ್ನು ಒಪ್ಪಿಕೊಂಡು ಕ್ಷಮೆ ಕೇಳಿದ್ದು 2021ರಲ್ಲಿ. ನೂರು ವರ್ಷ ಆದ ಮೇಲೆ! ಇದನ್ನು ಓದಿದಾಗಿಂದ ಪಟ್ಟಿ ಮುಗಿಯಿತು ಅಂತ ಹೇಳುವ ಧೈರ್ಯ ನನಗೆ ಬರುವುದಿಲ್ಲ. ಅಡುಗೆ ಮಾಡಿದವರು, ಗಾಡಿ ಓಡಿಸಿದವರು, ಗಾಯಾಳುಗಳನ್ನು ನೋಡಿಕೊಂಡವರು, ಹೆಂಗಸರು, ಇವರೆಲ್ಲಾ ನಿಮ್ಮ 41ರಲ್ಲಿ ಇದ್ದಾರಾ ಅಂತ ಇನ್ನೊಮ್ಮೆ ನೋಡಿ. ಗೋಡೆಯ ಕೊನೆಯಲ್ಲಿ ಖಾಲಿ ಜಾಗ ಬಿಡಿ. ಹೆಸರು ಸಿಗುತ್ತಲೇ ಇರುತ್ತವೆ.

ಇನ್ನು ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಗಿಡ. ಇದನ್ನು ಮಾತ್ರ ಬೇಡ ಅಂತ ಕೈಮುಗಿದು ಹೇಳುತ್ತೇನೆ. ನಾವೂ ಹಾಗೇ ಮಾಡಿದ್ದೆವು. ಪ್ರತಿ ಸಸಿಯ ಬುಡದಲ್ಲೂ ಹೆಸರಿನ ಫಲಕ. ಎರಡನೇ ಬೇಸಿಗೆಗೆ ಆರು ಸಸಿ ಒಣಗಿದವು. ಬದಲಿ ಸಸಿ ತರಲು ಒಂದು ವಾರ ಆಯಿತು. ಆ ವಾರದಲ್ಲೇ ಒಬ್ಬ ತಂದೆ ಬಂದುಬಿಟ್ಟರು. ಒಣ ಕಡ್ಡಿಯ ಪಕ್ಕದಲ್ಲಿ ಮಗನ ಹೆಸರು. ಅವರು ಕೂತುಕೊಂಡು ಫಲಕದ ಮೇಲಿನ ಧೂಳು ಒರೆಸಿ ಎದ್ದುಹೋದರು. ನಮ್ಮನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅದೇ ತಿಂಗಳು ಫಲಕಗಳನ್ನೆಲ್ಲ ತೆಗೆದೆವು. ಈಗ ಇಡೀ ತೋಪು ಎಲ್ಲರ ಹೆಸರಿನಲ್ಲಿದೆ. ಒಂದು ಗಿಡ ಹೋದರೆ ಇನ್ನೊಂದು ನೆಡುತ್ತೇವೆ, ಯಾರ ಮಗನೂ ಎರಡನೇ ಸಲ ಸಾಯುವುದಿಲ್ಲ.

ಗೋಡೆಗೆ ತೀರಾ ಹತ್ತಿರ ಮರ ಬೇಡ. ಬೇರು ಪಾಯ ಎತ್ತುತ್ತದೆ, ಎಲೆ ಕೊಳೆತು ಕಲ್ಲಿಗೆ ಕಂದು ಕಲೆ ಬೀಳುತ್ತದೆ. ಆದರೆ ಬೆಂಚಿಗೆ ನೆರಳು ಬೇಕೇ ಬೇಕು. ಕಪ್ಪು ಕಲ್ಲು ಬಿಸಿಲಿಗೆ ಕಾಯುತ್ತದೆ. ಗೋಡೆ ನೋಡಲು ಬರುವವರು ಸುಮ್ನೆ ನೋಡಿ ಹೋಗುವುದಿಲ್ಲ, ಮುಟ್ಟುತ್ತಾರೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಕಟ್ಟಲು ಎಲ್ಲರೂ ಕೊಡುತ್ತಾರೆ, ಗುಡಿಸಲು ಯಾರೂ ಕೊಡುವುದಿಲ್ಲ. ಬಂದ ದುಡ್ಡಲ್ಲಿ ಕಾಲು ಭಾಗ ಮೊದಲ ದಿನವೇ ಬೇರೆ ಖಾತೆಗೆ ಹಾಕಿ. ಅದರ ಬಡ್ಡಿ ಮಾತ್ರ ನೀರು, ದೀಪ, ರಿಪೇರಿಗೆ. ಜಾಗ ಯಾರದ್ದು, ನೋಡಿಕೊಳ್ಳುವವರು ಯಾರು ಅನ್ನುವುದು ಬಾಯಿಮಾತಲ್ಲಿ ಇರಬಾರದು, ಬರಹದಲ್ಲಿ ಇರಬೇಕು. ಬಾವುಟದ ಕಂಬ ಹಾಕುವುದಾದರೆ ದಿನಾ ಅದನ್ನು ನೋಡುವ ಒಬ್ಬ ಮನುಷ್ಯ ಮೊದಲು ಸಿಗಲಿ, ಕಂಬ ಆಮೇಲೆ. ಹರಿದ ಬಾವುಟ ಹಾರಾಡುತ್ತಿದ್ದರೆ ಕಂಬ ಇಲ್ಲದಿರುವುದೇ ವಾಸಿ.

ಇನ್ನೊಂದು. ಜನ ಗೋಡೆಯ ಬುಡದಲ್ಲಿ ಏನೇನೋ ಇಟ್ಟು ಹೋಗುತ್ತಾರೆ. ಹೂವು, ಫೋಟೋ, ಚೀಟಿ. ಒಂದು ಸಲ ಒಣಗಿದ ಹೂವಿನ ಜೊತೆ ಒಂದು ಮಗು ತಾತನಿಗೆ ಬರೆದ ಕಾಗದವೂ ಕಸಕ್ಕೆ ಹೋಯಿತು. ಈಗ ಶನಿವಾರ ಮಾತ್ರ ಹೂವು ತೆಗೆಯುತ್ತೇವೆ, ಅದೂ ಕೈಯಿಂದ, ಪೊರಕೆಯಿಂದ ಅಲ್ಲ. ಬರಹ ಇರುವುದೆಲ್ಲ ಒಂದು ಪೆಟ್ಟಿಗೆಗೆ ಹೋಗುತ್ತದೆ. ವಾಷಿಂಗ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಸತ್ತ ಅಮೆರಿಕದ ಯೋಧರ ಹೆಸರಿನ ಗೋಡೆ ಇದೆ, ಅದರ ಹತ್ತಿರ ಜನ ಬಿಟ್ಟುಹೋದ ವಸ್ತುಗಳನ್ನೂ ಹೀಗೇ ಆಯ್ದು ಕಾಪಾಡಿ ಇಟ್ಟಿದ್ದಾರೆ.

ಉಳಿಪೆಟ್ಟು ಬರೆದ ಉತ್ತರ

ಕಲ್ಲು ಕೆತ್ತುವವನು ನಾನು. ಯೋಧನ ಮಗಳು ಹೇಳಿದ್ದೆಲ್ಲ ನಿಜ. ಕಲ್ಲಿನ ಬಗ್ಗೆ ನಾನೂ ಸ್ವಲ್ಪ ಸೇರಿಸುತ್ತೇನೆ.

ಹೊರಗೆ ನಿಲ್ಲುವ ಗೋಡೆಗೆ ಗ್ರಾನೈಟ್. ಅಮೃತಶಿಲೆ ನೋಡಲು ಚೆಂದ, ಆದರೆ ಅದು ಸುಣ್ಣದ ಜಾತಿ. ಮಳೆನೀರಿನ ಹುಳಿಗೂ ಕರಗುತ್ತದೆ. ವರ್ಷ ಕಳೆದಂತೆ ಅಕ್ಷರದ ಅಂಚು ಮೊಂಡಾಗುತ್ತದೆ. ವಿಯೆಟ್ನಾಂ ಗೋಡೆಯ ಕರಿಗಲ್ಲು ಹೋಗಿದ್ದು ಬೆಂಗಳೂರಿನಿಂದ. ಆ ಗೋಡೆ 1982ರಲ್ಲಿ ಆಗಿದ್ದು, ಈಗ 58,000ಕ್ಕೂ ಜಾಸ್ತಿ ಹೆಸರಿವೆ. ಕನ್ನಡಿ ಹಾಗೆ ಹೊಳೆಯುವ ಕಲ್ಲೇ ಬೇಕು ಅಂತ ಆರಿಸಿದ್ದರು. ಹೆಸರು ಓದುವವರಿಗೆ ಆ ಹೆಸರಿನ ಹಿಂದೆ ತಮ್ಮ ಮುಖವೂ ಕಾಣುತ್ತದೆ.

ಒಂದೇ ದೊಡ್ಡ ಕಲ್ಲು ಬೇಡ, ಸಣ್ಣ ಸಣ್ಣ ಹಲಗೆ ಮಾಡಿಸಿ. ಒಂದು ಒಡೆದರೆ ಅದೊಂದನ್ನೇ ಬದಲಾಯಿಸಬಹುದು. ಅಕ್ಷರಕ್ಕೆ ಬರೀ ಬಣ್ಣ ತುಂಬಿಸಿದರೆ ಬಣ್ಣ ಹೋಗುತ್ತದೆ. ಆಳವಾಗಿ, ಓರೆಯಾಗಿ ಕೆತ್ತಿಸಿ. ಆಗ ಬಣ್ಣ ಹೋದರೂ ಅಕ್ಷರದ ಒಳಗಿನ ನೆರಳಿನಿಂದಲೇ ಓದಬಹುದು, ಕಣ್ಣು ಕಾಣದವರು ಬೆರಳಿಂದ ಓದಬಹುದು. ಕಲ್ಲು ಹಿಡಿಯಲು ಕಬ್ಬಿಣದ ಮೊಳೆ, ಕೊಕ್ಕೆ ಹಾಕಿಸಬೇಡಿ. ಕಬ್ಬಿಣ ತುಕ್ಕು ಹಿಡಿದಾಗ ಉಬ್ಬುತ್ತದೆ, ಉಬ್ಬಿ ಕಲ್ಲನ್ನೇ ಸೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲೇ ಇರಲಿ.

ತೊಳೆಯುವುದು ಹೇಗೆ ಅಂತ ಎಲ್ಲರಿಗೂ ಗೊತ್ತು ಅಂದುಕೊಂಡಿರುತ್ತಾರೆ, ಹಾಳಾಗುವುದೇ ಅಲ್ಲಿ. ಆಸಿಡ್ ಬೇಡ, ಬ್ಲೀಚಿಂಗ್ ಬೇಡ, ತಂತಿ ಬ್ರಷ್ ಬೇಡ, ಜೋರು ಒತ್ತಡದ ನೀರಿನ ಯಂತ್ರವೂ ಬೇಡ. ಬರೀ ನೀರು, ಮೆತ್ತನೆ ಬ್ರಷ್. ಮೊದಲು ಇಡೀ ಕಲ್ಲು ನೆನೆಸಿ. ಆಮೇಲೆ ಕೆಳಗಿಂದ ಮೇಲಕ್ಕೆ ಉಜ್ಜುತ್ತಾ ಹೋಗಿ. ಮೇಲಿಂದ ಶುರು ಮಾಡಿದರೆ ಕೊಳೆ ನೀರು ಒಣ ಕಲ್ಲಿನ ಮೇಲೆ ಇಳಿದು ಪಟ್ಟೆ ಬೀಳುತ್ತದೆ. ಹುಲ್ಲಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಗೋಡೆಗೆ ತಾಗಬಾರದು. ಗಡಸು ನೀರಿನ ಬಿಳಿ ಕಲೆ ಒಂದು ಸಲ ಕೂತರೆ ಬಿಡಿಸುವುದು ಬಹಳ ಕಷ್ಟ.

ಮಾಜಿ ಯೋಧ ಬರೆದ ಉತ್ತರ

ಸೇವೆ ಮುಗಿಸಿ ಬಂದವರಲ್ಲಿ ನಾನೂ ಒಬ್ಬ. ತೀರಿಕೊಂಡವರ ಹೆಸರಿನ ಪಕ್ಕ ನಮ್ಮ ಹೆಸರು ಹಾಕಬೇಡಿ. ಗೌರವ ಬೇಡ ಅಂತಲ್ಲ. ನನ್ನ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದವನ ಹೆಸರು ಒಂದು ಗೋಡೆಯಲ್ಲಿದೆ. ಅದೇ ಸಾಲಿನಲ್ಲಿ ನನ್ನ ಹೆಸರೂ ಇದ್ದರೆ ನನಗೆ ಅಲ್ಲಿ ನಿಲ್ಲಲು ಆಗುವುದಿಲ್ಲ. ನಮ್ಮ ಹೆಸರು ದಾರಿಯ ಬದಿಯ ಕಟ್ಟೆಯ ಮೇಲೆ ಇರಲಿ, ಅವರ ಹತ್ತಿರ ಹೋಗುವ ದಾರಿಯಲ್ಲಿ.

ಬೆಂಚಿಗೆ ಬೆನ್ನು ಇರಲಿ, ಎರಡೂ ಕಡೆ ಕೈ ಇರಲಿ. ಮಂಡಿ ಹೋದವರು ಕೈ ಊರಿ ಏಳಬೇಕು. ಮೆಟ್ಟಿಲಿನ ಪಕ್ಕ ಇಳಿಜಾರು ಮಾಡಿಸಿ, ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು, ಅದಕ್ಕಿಂತ ಕಡಿದಾದರೆ ಗಾಲಿ ಕುರ್ಚಿ ಹತ್ತುವುದಿಲ್ಲ. ಉದ್ಘಾಟನೆಗೆ ಪಟಾಕಿ ಹೊಡೆಯಬೇಡಿ. ನಮ್ಮಲ್ಲಿ ಕೆಲವರಿಗೆ ಆ ಶಬ್ದ ಇವತ್ತಿಗೂ ಆಗುವುದಿಲ್ಲ, ಬಾಯಿಬಿಟ್ಟು ಹೇಳುವುದೂ ಇಲ್ಲ.

ತಿಳಿಹಸಿರು ಮತ್ತೆ ಕೇಳಿದ್ದು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಿಡದ ಫಲಕ ಕೈಬಿಟ್ಟೆವು. ಇನ್ನೊಂದು ಕಷ್ಟ ಇದೆ. ಆ 9 ಜನರಲ್ಲಿ ಒಬ್ಬರು ಕಾಣೆಯಾದವರು. ದೇಹ ಸಿಕ್ಕಿಲ್ಲ. ‘ಹುತಾತ್ಮರು ಅಂತ ಬರೆದು ಅದರ ಕೆಳಗೆ ಅವರ ಹೆಸರು ಹಾಕಿದರೆ ನಾನು ಆ ಕಡೆ ತಲೆ ಹಾಕುವುದಿಲ್ಲ’ ಅಂತ ಅವರ ಹೆಂಡತಿ ಹೇಳಿದ್ದಾರೆ. ಹೆಸರು ಬಿಡಲು ನಮಗೆ ಮನಸ್ಸಿಲ್ಲ. ಏನು ಮಾಡುವುದು?

ಯೋಧನ ಮಗಳು ಬರೆದ ಉತ್ತರ

ಅವರ ಮಾತು ಕೇಳಿ. ಹೆಸರನ್ನೂ ಬಿಡಬೇಡಿ.

ವಿಯೆಟ್ನಾಂ ಗೋಡೆಯಲ್ಲಿ ಇದಕ್ಕೊಂದು ದಾರಿ ಇದೆ. ಸಾವು ಖಚಿತವಾದವರ ಹೆಸರಿನ ಪಕ್ಕ ವಜ್ರದ ಆಕಾರದ ಗುರುತು. ಕಾಣೆಯಾದವರ ಪಕ್ಕ ಕೂಡಿಸುವ ಚಿಹ್ನೆಯಂಥ ಗುರುತು. ಮುಂದೆ ದೇಹದ ಅವಶೇಷ ಸಿಕ್ಕಿ ಗುರುತಾದರೆ ಅದೇ ಚಿಹ್ನೆಯ ಮೇಲೆ ವಜ್ರ ಕೆತ್ತುತ್ತಾರೆ. ಜೀವಂತವಾಗಿ ವಾಪಸ್ ಬಂದರೆ ಆ ಚಿಹ್ನೆಯ ಸುತ್ತ ಒಂದು ವೃತ್ತ ಕೆತ್ತಬೇಕು ಅಂತ ಇಟ್ಟುಕೊಂಡಿದ್ದಾರೆ. ಆ ವೃತ್ತ ಕೆತ್ತುವ ದಿನ ಈವರೆಗೆ ಬಂದಿಲ್ಲ. ಆದರೂ ಅದಕ್ಕೆ ಜಾಗ ಬಿಟ್ಟಿದ್ದಾರೆ, ನೋಡಿ.

ನಿಮ್ಮ ಗೋಡೆಗೆ ‘ಹುತಾತ್ಮರು’ ಅನ್ನುವ ತಲೆಬರಹವೇ ಯಾಕೆ ಬೇಕು? ಬರೀ ಹೆಸರು, ವರ್ಷ ಇರಲಿ. ಅವರ ಹೆಸರಿನ ಪಕ್ಕ ಖಾಲಿ ಜಾಗ ಇರಲಿ.

ಬೆಲ್ಜಿಯಂನ ಈಪರ್ ಊರಿನಲ್ಲಿ ಮೆನಿನ್ ಗೇಟ್ ಅಂತ ಮೊದಲ ಮಹಾಯುದ್ಧದ ಸ್ಮಾರಕ ದ್ವಾರ ಇದೆ. 1927ರಲ್ಲಿ ಕಟ್ಟಿ ಮುಗಿಸಿದ್ದು. ಅದರ ಮೇಲಿರುವ 54,000ಕ್ಕೂ ಹೆಚ್ಚು ಹೆಸರು ಎಲ್ಲಾ ಸಮಾಧಿಯೇ ಗೊತ್ತಿಲ್ಲದವರದ್ದು. 1928ರಲ್ಲಿ ಶುರುವಾದ ಪದ್ಧತಿ, 1929ರಿಂದ ಅಲ್ಲಿ ಪ್ರತಿ ಸಂಜೆ 8 ಗಂಟೆಗೆ ಕಹಳೆ ಊದುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಊರು ಜರ್ಮನರ ಕೈಯಲ್ಲಿದ್ದ ವರ್ಷಗಳು ಬಿಟ್ಟರೆ ತಪ್ಪಿಸಿಲ್ಲ. ಊದುವವರು ಆ ಊರಿನ ಸ್ವಯಂಸೇವಕರೇ. ಹತ್ತು ವರ್ಷ ಆದ ಮೇಲೆ ಏನು ಅಂತ ಕೇಳಿದ್ದಿರಲ್ಲ, ನನಗೆ ಗೊತ್ತಿರುವ ಉತ್ತರ ಅದೊಂದೇ. ದಿನಾ ಯಾರಾದರೂ ಒಬ್ಬರು ಅಲ್ಲಿಗೆ ಬರಬೇಕು. ನಿಮ್ಮ ಹನ್ನೆರಡು ಜನರಲ್ಲಿ ವಾರಕ್ಕೊಬ್ಬರ ಸರದಿ ಹಾಕಿ, ಒಂದು ಪುಸ್ತಕ ಇಡಿ. ಬಂದವರು ತಾರೀಖು ಹಾಕಿ ಏನು ನೋಡಿದೆ ಅಂತ ಒಂದು ಸಾಲು ಬರೆಯಲಿ. ದೀಪ ಉರಿಯುತ್ತಿಲ್ಲ, ಮೂರನೇ ಹಲಗೆ ಅಲ್ಲಾಡುತ್ತಿದೆ, ಅಷ್ಟು ಸಾಕು. ನಮ್ಮಲ್ಲಿ ಈಗ ಆರನೇ ಪುಸ್ತಕ ನಡೆಯುತ್ತಿದೆ.

ತಿಳಿಹಸಿರು ಬರೆದದ್ದು

ನಿನ್ನೆ ಅವರ ಮನೆಗೆ ಹೋಗಿದ್ದೆ, ನೀವು ಹೇಳಿದ ಹಾಗೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿಕೊಂಡು. ತಲೆಬರಹ ಇಲ್ಲ, ಹೆಸರಿನ ಮುಂದೆ ಜಾಗ ಬಿಟ್ಟಿದ್ದೇವೆ ಅಂತ ಹೇಳಿದೆ. ತುಂಬಾ ಹೊತ್ತು ಆ ಕಾಗದ ನೋಡುತ್ತಾ ಕೂತಿದ್ದರು. ಆಮೇಲೆ ಪೆನ್ ಕೇಳಿದರು. ಸಹಿ ಹಾಕುತ್ತಾರೆ ಅಂದುಕೊಂಡೆ. ಅವರು ಹೆಸರಿನ ಹಿಂದೆ ಒಂದು ಅಕ್ಷರ ಬರೆದರು. ‘ಅವರ ಅಪ್ಪನ ಹೆಸರಿನ ಅಕ್ಷರ ಬಿಟ್ಟಿದ್ದೀರಿ. ಅದು ಇಲ್ಲದೆ ಅವರು ಎಲ್ಲೂ ಹೆಸರು ಬರೆಯುತ್ತಿರಲಿಲ್ಲ’ ಅಂದರು. ಸಹಿ ಆಮೇಲೆ ಹಾಕಿದರು. ಇನ್ನು 40 ಮನೆಗೆ ಹೋಗುವುದಿದೆ.